ಸೋತಾಗ ಕೋಚ್ ಮಾತ್ರ ಹೊಣೆಯೇ?

ಬೆಂಗಳೂರು ಎಫ್‌ಸಿ ಸೋತ ಮರುದಿನ ಬಳ್ಳಾರಿಯಲ್ಲಿ, ಸಿರುಗುಪ್ಪದಲ್ಲಿ, ಕುರುಗೋಡಿನಲ್ಲಿ ನಮ್ಮ ಹುಡುಗರ ಬಾಯಲ್ಲಿ ಒಂದೇ ಮಾತು: "ಮೊದ್ಲು ಕೋಚ್‌ನ ಬದಲಾಯಿಸ್ಬೇಕು." ಕ್ಲಬ್‌ನ ವಸತಿ ಅಕಾಡೆಮಿ ನಮ್ಮದೇ ಜಿಲ್ಲೆಯ ತೋರಣಗಲ್ಲು ಬಳಿ ಇರೋದರಿಂದ ಈ ತಂಡ ನಮಗೆ ದೂರದ್ದಲ್ಲ.

ಅವರ ಸಿಟ್ಟು ಸುಳ್ಳಲ್ಲ. ಆದರೆ ಹಿಂದಿನದನ್ನೂ ಸ್ವಲ್ಪ ನೋಡೋಣ. 2019ರಲ್ಲಿ ಐಎಸ್‌ಎಲ್ ಗೆಲ್ಲಿಸಿದ ಕಾರ್ಲೆಸ್ ಕ್ವಾದ್ರಾತ್, ಸತತ ಸೋಲಿನ ಬಳಿಕ 2021ರ ಜನವರಿಯಲ್ಲಿ ಹೊರನಡೆದರು. 2022ರಲ್ಲಿ ಡ್ಯುರಾಂಡ್ ಕಪ್ ತಂದುಕೊಟ್ಟ ಸೈಮನ್ ಗ್ರೇಸನ್‌ರನ್ನು, ಮುಂಬೈ ಸಿಟಿ ಎದುರು 0-4ರಿಂದ ಸೋತ ಬೆನ್ನಲ್ಲೇ 2023ರ ಡಿಸೆಂಬರ್‌ನಲ್ಲಿ ಕಳಿಸಿದರು. ಜೆರಾರ್ಡ್ ಜರಗೋಜಾ ಬಂದರು. ಕೋಚ್ ಬದಲಾದರೂ ಆ ಸಲ ತಂಡ ನಿಂತಿದ್ದು 10ನೇ ಸ್ಥಾನದಲ್ಲೇ.

ಆಗಲೇ ಅವರನ್ನೂ ಕಳಿಸಿಬಿಡಬಹುದಿತ್ತು. ಕ್ಲಬ್ ಉಳಿಸಿಕೊಂಡಿತು. 2025ರ ಏಪ್ರಿಲ್‌ನಲ್ಲಿ ಅದೇ ಕೋಚ್ ತಂಡವನ್ನು ಫೈನಲ್‌ಗೆ ತಂದರು; ಹೆಚ್ಚುವರಿ ಸಮಯದಲ್ಲಿ ಮೋಹನ್ ಬಗಾನ್ 2-1ರಿಂದ ಗೆದ್ದಿತು ಅಷ್ಟೆ.

ತಿದ್ದಿಕೊಳ್ಳದ ಕೋಚ್‌ನನ್ನು ಬದಲಾಯಿಸೋದು ಬೇರೆ ಮಾತು. ಒಂದು ಸಂಜೆಯ ಸೋಲಿಗೆ ಬೇಡ. ಕಲಿಸುವವರು ಪದೇ ಪದೇ ಬದಲಾದರೆ ಮಕ್ಕಳು ಯಾರ ಪಾಠ ಹಿಡೀಬೇಕು? ನಮ್ಮ ಮನೆಯ ಹುಡುಗರೂ ಬೂಟು ಕಟ್ಟಿ ಮೈದಾನಕ್ಕೆ ಹೋಗ್ತಾರೆ. ತಾಳ್ಮೆಯನ್ನು ಅವರು ಕಲಿಯೋದು ನಮ್ಮ ಮಾತಿನಿಂದಲೇ.