ಜರ್ನಲಿಂಗ್ ಇದ್ದರೆ ಫೈಲ್ ಹಾಳಾಗುವುದೇ ಇಲ್ಲವೇ?

"ಈಗಿನ ಫೋನು, ಕಂಪ್ಯೂಟರುಗಳಲ್ಲಿ ಜರ್ನಲಿಂಗ್ ಇರುತ್ತೆ, ತಟ್ಟನೆ ಆಫ್ ಆದರೂ ಫೈಲಿಗೆ ಏನೂ ಆಗಲ್ಲ" ಎನ್ನುವವರಿದ್ದಾರೆ. "ಜರ್ನಲಿಂಗ್ ತೆಗೆದುಹಾಕಿ, ಫೋನ್ ಫಾಸ್ಟ್ ಆಗುತ್ತೆ" ಎನ್ನುವವರೂ ಇದ್ದಾರೆ. ಎರಡರಲ್ಲೂ ಇರುವುದು ಅರ್ಧ ಸತ್ಯ. ಮದುವೆಯ ಫೋಟೊಗಳನ್ನೋ ವರ್ಷವಿಡೀ ಬರೆದ ಪ್ರಾಜೆಕ್ಟ್ ವರದಿಯನ್ನೋ ಕಳೆದುಕೊಳ್ಳುವುದು ಉಳಿದ ಅರ್ಧ ಗೊತ್ತಿಲ್ಲದಾಗ.

ಜರ್ನಲ್ ಎಂದರೆ ಏನು?

ಅಂಗಡಿಯ ಲೆಕ್ಕ ಬರೆಯುವವರು ಆಯಾ ದಿನದ ವ್ಯವಹಾರವನ್ನು ಮೊದಲು ಕಿರ್ದಿ ಪುಸ್ತಕದಲ್ಲಿ ಬರೆದುಕೊಂಡು, ಆಮೇಲೆ ಖಾತೆ ಪುಸ್ತಕಕ್ಕೆ ಏರಿಸುತ್ತಾರೆ. ಮಧ್ಯದಲ್ಲಿ ಕೆಲಸ ನಿಂತರೂ ಕಿರ್ದಿ ನೋಡಿ ಖಾತೆಯನ್ನು ಸರಿಪಡಿಸಬಹುದು. ಫೈಲ್ ಸಿಸ್ಟಮ್‌ನ ಜರ್ನಲ್ ಕೂಡ ಇಂಥದ್ದೇ ಕಿರ್ದಿ.

ನಾವು ಒಂದು ಫೈಲ್ ಸೇವ್ ಮಾಡಿದಾಗ ಅದರ ಒಳಗಿನ ವಿಷಯವಷ್ಟೇ ಅಲ್ಲ, ಹೆಸರು, ಗಾತ್ರ, ಡಿಸ್ಕಿನಲ್ಲಿ ಅದು ಇರುವ ಜಾಗ ಇವೆಲ್ಲವೂ ದಾಖಲಾಗಬೇಕು. ಅರ್ಧಕ್ಕೇ ಕರೆಂಟ್ ಹೋದರೆ ಈ ಲೆಕ್ಕ ತಾಳೆಯಾಗುವುದಿಲ್ಲ. ಹಿಂದೆ ಇಂಥ ಹೊತ್ತಿನಲ್ಲಿ ಇಡೀ ಡಿಸ್ಕನ್ನು ಪರೀಕ್ಷಿಸಬೇಕಾಗುತ್ತಿತ್ತು. ದೊಡ್ಡ ಡಿಸ್ಕಾದರೆ ಅದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. 2001ರಲ್ಲಿ ಲಿನಕ್ಸ್‌ಗೆ ಸೇರಿದ ಇಎಕ್ಸ್‌ಟಿ3 ಮತ್ತು ಅದರ ನಂತರದ ಇಎಕ್ಸ್‌ಟಿ4 ಜರ್ನಲ್ ಇಟ್ಟುಕೊಳ್ಳುತ್ತವೆ. ಮತ್ತೆ ಆನ್ ಆದಾಗ ಜರ್ನಲ್ ಓದಿ, ಪೂರ್ತಿ ಬರೆದಿದ್ದನ್ನು ಜಾರಿ ಮಾಡಿ, ಅರ್ಧಂಬರ್ಧ ಬರೆದಿದ್ದನ್ನು ಕೈಬಿಡುತ್ತವೆ.

ಹಾಗಾದರೆ ಎಲ್ಲವೂ ಸುರಕ್ಷಿತವೇ?

ಇಲ್ಲ. ಸಾಮಾನ್ಯವಾಗಿ ಜರ್ನಲ್‌ಗೆ ಏರುವುದು ಲೆಕ್ಕ ಮಾತ್ರ, ಸರಕಲ್ಲ. ಇಎಕ್ಸ್‌ಟಿ4ನಲ್ಲಿ ಇದಕ್ಕೆ ಮೂರು ಸೆಟ್ಟಿಂಗ್‌ಗಳಿವೆ:

• ಜರ್ನಲ್: ಲೆಕ್ಕ, ವಿಷಯ ಎರಡನ್ನೂ ಮೊದಲು ಜರ್ನಲ್‌ಗೆ ಬರೆಯುತ್ತದೆ. ಎಲ್ಲವನ್ನೂ ಎರಡು ಸಲ ಬರೆಯಬೇಕಾದ್ದರಿಂದ ಸಾಮಾನ್ಯವಾಗಿ ನಿಧಾನ.
• ಆರ್ಡರ್ಡ್: ಜರ್ನಲ್‌ಗೆ ಲೆಕ್ಕ ಮಾತ್ರ. ಆದರೆ ವಿಷಯ ಡಿಸ್ಕಿಗೆ ಸೇರಿದ ಮೇಲೆಯೇ ಲೆಕ್ಕ ಪಕ್ಕಾ ಆಗುತ್ತದೆ. ನಾವು ಏನೂ ಬದಲಿಸದಿದ್ದರೆ ಇರುವುದು ಇದೇ.
• ರೈಟ್‌ಬ್ಯಾಕ್: ಇಲ್ಲಿ ಆ ಕ್ರಮದ ಖಾತರಿಯಿಲ್ಲ. ವೇಗ ಸಿಗಬಹುದು, ಆದರೆ ತಟ್ಟನೆ ಆಫ್ ಆದರೆ ಹೊಸ ಫೈಲಿನೊಳಗೆ ಹಿಂದೆಂದೋ ಅಳಿಸಿದ ಹಳೆಯ ವಿಷಯ ಕಾಣಿಸಿಕೊಳ್ಳಬಹುದು.

2009ರಲ್ಲಿ ಆಗಿದ್ದೇನು?

ಇಎಕ್ಸ್‌ಟಿ4 ಆಗಷ್ಟೇ ಬಳಕೆಗೆ ಬಂದಿತ್ತು. ಕಂಪ್ಯೂಟರ್ ಹಠಾತ್ತನೆ ನಿಂತು ಮತ್ತೆ ಶುರುವಾದಾಗ ಕೆಲವರ ಫೈಲುಗಳ ಗಾತ್ರ ಸೊನ್ನೆಯಾಗಿತ್ತು! ಫೈಲ್ ಸಿಸ್ಟಮ್ ಮಾತ್ರ ಸರಿಯಾಗಿಯೇ ಇತ್ತು. ವೇಗಕ್ಕಾಗಿ ಇಎಕ್ಸ್‌ಟಿ4 ಹೊಸ ವಿಷಯವನ್ನು ಸ್ವಲ್ಪ ಹೊತ್ತು ಮೆಮೊರಿಯಲ್ಲೇ ಇಟ್ಟುಕೊಂಡು ಆಮೇಲೆ ಡಿಸ್ಕಿಗೆ ಬರೆಯುತ್ತದೆ. ಹಳೆಯದನ್ನು ಖಾಲಿ ಮಾಡಿದ ಲೆಕ್ಕ ಡಿಸ್ಕಿಗೆ ಹೋಗಿತ್ತು, ಹೊಸ ವಿಷಯ ಇನ್ನೂ ಹೋಗಿರಲಿಲ್ಲ. ಲಿನಕ್ಸ್ 2.6.30 ಆವೃತ್ತಿಯಲ್ಲಿ ಇದಕ್ಕೆ ಪರಿಹಾರ ಸೇರಿಸಿದರು. ಆದರೂ "ಇದನ್ನು ಈಗಲೇ ಡಿಸ್ಕಿಗೆ ಬರೆ" ಎಂದು ಹೇಳುವ ಹೊಣೆ ಆಯಾ ಆ್ಯಪ್‌ನದೇ.

ನಮ್ಮ ಫೋನು, ಪೆನ್‌ಡ್ರೈವ್‌ಗಳ ಕಥೆ?

ಆಂಡ್ರಾಯ್ಡ್ ಫೋನ್‌ಗಳ ಒಳಗೆ ಇರುವುದು ಸಾಮಾನ್ಯವಾಗಿ ಇಎಕ್ಸ್‌ಟಿ4 ಅಥವಾ ಎಫ್2ಎಫ್‌ಎಸ್. ಎರಡನೆಯದು ಬೇರೆ ವಿಧಾನದಲ್ಲಿ ಇದೇ ಕೆಲಸ ಮಾಡುತ್ತದೆ. ಆದರೆ ಪೆನ್‌ಡ್ರೈವ್ ಮತ್ತು ಮೆಮೊರಿ ಕಾರ್ಡ್‌ಗಳಲ್ಲಿ ಹೆಚ್ಚಾಗಿ ಇರುವುದು ಫ್ಯಾಟ್32 ಅಥವಾ ಎಕ್ಸ್‌ಫ್ಯಾಟ್. ಇವುಗಳಲ್ಲಿ ಜರ್ನಲ್ ಇಲ್ಲವೇ ಇಲ್ಲ!

ಅದಕ್ಕೆ ಇಷ್ಟು ನೆನಪಿಡೋಣ:

• ಕಾಪಿ ಮುಗಿಯಿತೆಂದು ತೋರಿಸಿದರೂ ಸ್ವಲ್ಪ ಭಾಗ ಇನ್ನೂ ಮೆಮೊರಿಯಲ್ಲೇ ಇರಬಹುದು. ಇಜೆಕ್ಟ್ ಕೊಟ್ಟ ಮೇಲೆಯೇ ಪೆನ್‌ಡ್ರೈವ್ ತೆಗೆಯೋಣ.
• ಕಾಪಿ ಮಾಡಿದ ಫೋಟೊಗಳನ್ನು ತೆರೆದು ನೋಡುವವರೆಗೆ ಮೂಲವನ್ನು ಅಳಿಸುವುದು ಬೇಡ.
• ಫೋನ್ ರೂಟ್ ಮಾಡಿ ಜರ್ನಲಿಂಗ್ ತೆಗೆಯಿರಿ ಎನ್ನುವ ಸಲಹೆ ಬಂದರೆ ಪಾಲಿಸುವುದೂ ಬೇಡ, ಫಾರ್ವರ್ಡ್ ಮಾಡುವುದೂ ಬೇಡ. ಸಿಗಬಹುದಾದ ಅಲ್ಪ ವೇಗಕ್ಕಾಗಿ ಇಡೀ ಲೆಕ್ಕವನ್ನೇ ಪಣಕ್ಕಿಟ್ಟಂತೆ.
• ಜರ್ನಲ್ ಬ್ಯಾಕಪ್ ಅಲ್ಲ. ಫೋನ್ ಕಳೆದರೆ, ಚಿಪ್ ಕೆಟ್ಟರೆ, ನಾವೇ ಅಳಿಸಿದರೆ ಅದು ಏನನ್ನೂ ಮರಳಿ ಕೊಡುವುದಿಲ್ಲ. ಮುಖ್ಯವಾದ ಫೈಲ್‌ಗಳ ಇನ್ನೊಂದು ಪ್ರತಿ ಬೇರೆ ಕಡೆ ಇರಲೇಬೇಕು.

ಒಟ್ಟಿನಲ್ಲಿ, ಜರ್ನಲಿಂಗ್ ಕಾಪಾಡುವುದು ಡಿಸ್ಕಿನ ಲೆಕ್ಕವನ್ನು. ನಮ್ಮ ಫೋಟೊಗಳನ್ನು ಕಾಪಾಡಿಕೊಳ್ಳುವ ಕೆಲಸ ನಮ್ಮದೇ.