ಕನ್ನಡಿಯೊಳಗೆ ಹೋಗುವ ಹಳಿ

24 ಬೋಗಿಯ ರೈಲು ನಿಲ್ಲಬೇಕಾದರೆ ಪ್ಲಾಟ್‌ಫಾರ್ಮ್ ಅರ್ಧ ಕಿಲೋಮೀಟರ್ ದಾಟಬೇಕು. ಅದನ್ನು 87 ಪಟ್ಟು ಕುಗ್ಗಿಸಿದರೂ ಆರು ಮೀಟರ್ ಆಗುತ್ತದೆ. ಪುಣೆಯ ನಮ್ಮ ಬಾಡಿಗೆ ಮನೆಯ ಹಾಲ್‌ನಲ್ಲಿ ಹೆಂಡತಿ ನನಗೆ ಬಿಟ್ಟುಕೊಟ್ಟದ್ದು ಗೋಡೆಗುಂಟ 180 ಸೆಂ.ಮೀ. ಉದ್ದ, 40 ಸೆಂ.ಮೀ. ಅಗಲದ ಒಂದು ಹಲಗೆಯಷ್ಟು ಜಾಗ. ಅಷ್ಟರಲ್ಲೇ ಅಳ್ನಾವರ ಸ್ಟೇಷನ್ ಕೂರಬೇಕಿತ್ತು.

ಅಳ್ನಾವರವೇ ಏಕೆಂದರೆ, ಅಪ್ಪ ಅಲ್ಲಿ ವರ್ಷಗಟ್ಟಲೆ ಪಾಯಿಂಟ್ಸ್‌ಮನ್ ಆಗಿದ್ದವರು. ಬೆನ್ನಿನ ಶಸ್ತ್ರಚಿಕಿತ್ಸೆಯಾದ ಮೇಲೆ ನಮ್ಮೊಂದಿಗೇ ಇದ್ದಾರೆ. ಊರಿಗೆ ಹೋಗಿಬರುವ ಮಾತು ಮನೆಯಲ್ಲಿ ಈಗ ಬರುವುದಿಲ್ಲ. ಹಗಲೆಲ್ಲ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿರುತ್ತಾರೆ. ಹಲಗೆಯ ಒಂದು ತುದಿ ಸರಿಯಾಗಿ ಆ ಕುರ್ಚಿಯ ಎದುರಿಗೆ ಬರುತ್ತದೆ.

ಮಾದರಿ ರೈಲು ಕಟ್ಟುವವರಿಗೆ ಜಾನ್ ಅಲೆನ್ ಹೆಸರು ಗೊತ್ತಿರುತ್ತದೆ. ಕ್ಯಾಲಿಫೋರ್ನಿಯಾದ ಮಾಂಟೆರೆಯ ತನ್ನ ಮನೆಯಲ್ಲಿ ಆತ ಕಟ್ಟಿದ 'ಗೋರಿ ಆ್ಯಂಡ್ ಡಿಫೀಟೆಡ್' ರೈಲುಮಾರ್ಗ ಬೆಟ್ಟ, ಕಣಿವೆಗಳಿಗೆ ಪ್ರಸಿದ್ಧ. ಜಾಗ ಹೆಚ್ಚಾಗಿ ಕಾಣಲು ಅಲ್ಲಲ್ಲಿ ಕನ್ನಡಿ ಅಡಗಿಸಿದ್ದ. 1973ರಲ್ಲಿ ಆತ ತೀರಿಹೋದ ಕೆಲವೇ ದಿನಗಳಲ್ಲಿ ಅದು ಬೆಂಕಿಗೆ ಸಿಕ್ಕಿ ನಾಶವಾಯಿತು. ಉಳಿದಿರುವುದು ಫೋಟೊಗಳು. ಅವುಗಳಲ್ಲಿ ಕನ್ನಡಿ ಎಲ್ಲಿದೆ ಎಂದು ಹುಡುಕುವುದೇ ಒಂದು ಹವ್ಯಾಸ.

ಮುಖ ನೋಡುವ ಕನ್ನಡಿ ಈ ಕೆಲಸಕ್ಕೆ ಬರುವುದಿಲ್ಲ. ಅದರ ಲೇಪ ಗಾಜಿನ ಹಿಂದಿರುತ್ತದೆ. ಗಾಜು 4 ಮಿ.ಮೀ. ದಪ್ಪವಿದ್ದರೆ, ಹಳಿ ಗಾಜಿಗೆ ತಾಗಿದ್ದರೂ ಅದರ ಪ್ರತಿಬಿಂಬ ಐದು ಮಿ.ಮೀ.ಗಿಂತ ತುಸು ಹೆಚ್ಚು ಬಿಟ್ಟು ಶುರುವಾಗುತ್ತದೆ. 16.5 ಮಿ.ಮೀ. ಅಗಲದ ಹಳಿಯಲ್ಲಿ ಅಷ್ಟು ಬಿರುಕು ಎದ್ದು ಕಾಣುತ್ತದೆ. (ನಮ್ಮ ಬ್ರಾಡ್‌ಗೇಜ್‌ನ ಲೆಕ್ಕದಲ್ಲಿ ಅದು 19.3 ಮಿ.ಮೀ. ಇರಬೇಕು. ಅಂಗಡಿಯ ಹಳಿ ಹೊರದೇಶದ ಗೇಜಿನದು. ಅಪ್ಪ ಮೊದಲ ದಿನವೇ 'ಸಣ್ಣದಾತು' ಅಂದಿದ್ದರು.) ಬೇಕಾದದ್ದು ಲೇಪ ಮುಂಭಾಗದಲ್ಲೇ ಇರುವ ಕನ್ನಡಿ. ಫೋಟೊಕಾಪಿ ಯಂತ್ರ, ಸ್ಕ್ಯಾನರ್, ಹಳೆಯ ಪ್ರೊಜೆಕ್ಷನ್ ಟಿ.ವಿ.ಗಳಲ್ಲಿ ಅಂಥದ್ದು ಸಿಗುತ್ತದೆ. ನನಗೆ ಸಿಕ್ಕಿದ್ದು ಜುನಾ ಬಜಾರಿನಲ್ಲಿ. ಪೆನ್ಸಿಲಿನ ಮೊನೆಯನ್ನು ಮೆಲ್ಲಗೆ ಒಂದು ಮೂಲೆಗೆ ಮುಟ್ಟಿಸಿದರೆ ಗೊತ್ತಾಗುತ್ತದೆ: ಮೊನೆಗೆ ಮೊನೆ ತಾಗಿದರೆ ಅದೇ. ಅದನ್ನು ಬಟ್ಟೆಯಿಂದ ಉಜ್ಜಬಾರದು, ಲೇಪಕ್ಕೆ ಗೀರು ಬೀಳುತ್ತದೆ. ಧೂಳನ್ನು ಊದಿ ತೆಗೆಯಬೇಕು.

ಕನ್ನಡಿಯನ್ನು ಅಪ್ಪನ ಕುರ್ಚಿಯಿಂದ ದೂರದ ತುದಿಯಲ್ಲಿ, ಪಾದಚಾರಿ ಸೇತುವೆಯ ಕೆಳಗೆ ನೆಟ್ಟಗೆ ನಿಲ್ಲಿಸಿದೆ. ಎತ್ತರ 7 ಸೆಂ.ಮೀ. ಮೇಲಂಚನ್ನು ಸೇತುವೆ ಮುಚ್ಚುತ್ತದೆ, ಪಕ್ಕದಂಚುಗಳನ್ನು ಮೆಟ್ಟಿಲು ಮತ್ತು ಒಂದು ಗೋಡೌನು. ಹಳಿ ಕನ್ನಡಿಗೆ ಲಂಬವಾಗಿ ಸೇರಬೇಕು. ಒಂಚೂರು ಓರೆಯಾದರೂ ಒಳಗಿನ ಹಳಿ ಮೊಣಕೈಯಂತೆ ಬಾಗುತ್ತದೆ. ಓಡುವ ಎಂಜಿನನ್ನು ಕನ್ನಡಿಯ ಕಡೆ ಬಿಡುವಂತಿಲ್ಲ, ಅದಕ್ಕೆ ಎದುರಿನಿಂದ ಅದೇ ಎಂಜಿನ್ ಬರುತ್ತದೆ. ಹಾಗಾಗಿ ಅಲ್ಲಿ ನಿಂತಿರುವುದು ಗೂಡ್ಸ್ ವ್ಯಾಗನ್‌ಗಳು, ಮೂರೂವರೆ. ಕೊನೆಯದನ್ನು ಗರಗಸದಿಂದ ಅರ್ಧಕ್ಕೆ ಕೊಯ್ದು ಕನ್ನಡಿಗೆ ತಾಗಿಸಿದ್ದೇನೆ. ಉಳಿದರ್ಧವನ್ನು ಕನ್ನಡಿ ಕೊಡುತ್ತದೆ, ಎಣಿಸಿದರೆ ಏಳು ವ್ಯಾಗನ್. ಸ್ಟೇಷನ್ ಬೋರ್ಡಿನ ಹಿಂಬದಿಗೆ ಊರಿನ ಹೆಸರನ್ನು ತಿರುವುಮುರುವಾಗಿ ಪ್ರಿಂಟ್ ಮಾಡಿ ಅಂಟಿಸಿದೆ. ಕನ್ನಡಿಯಲ್ಲಿ 'ಅಳ್ನಾವರ' ಸರಿಯಾಗಿ ಓದಿಸಿಕೊಳ್ಳುತ್ತದೆ.

ಇಷ್ಟೆಲ್ಲ ಮಾಡಿಯೂ ನೋಡುವವರ ಮುಖವೇ ಅಲ್ಲಿ ಕಂಡರೆ ಆಟ ಮುಗಿಯಿತು. ಕನ್ನಡಿ ನೆಟ್ಟಗಿದ್ದು ಅದರ ಮೇಲಂಚು ಕಣ್ಣಿನ ಮಟ್ಟಕ್ಕಿಂತ ಕೆಳಗಿದ್ದರೆ ನಮ್ಮ ಕಣ್ಣು ನಮಗೆ ಕಾಣುವುದಿಲ್ಲ, ದೃಷ್ಟಿ ಇಳಿಜಾರಾಗಿ ಹೋಗಿ ನೆಲವನ್ನೇ ಸೇರುತ್ತದೆ. ಆದರೆ ಕಣ್ಣು ತೀರಾ ಮೇಲಿದ್ದರೂ ಕಷ್ಟ. ನಿಂತು ನೋಡುವ ನನಗೆ ಕನ್ನಡಿಯೊಳಗೆ ಗೇಣುದ್ದ ನೆಲ ಮಾತ್ರ ಕಾಣುತ್ತದೆ. ಕಣ್ಣು ಹಲಗೆಗಿಂತ 15 ಸೆಂ.ಮೀ. ಮೇಲಿದ್ದರೆ ಅದೇ ಕನ್ನಡಿ ಒಂದೂವರೆ ಮೀಟರ್ ಹಳಿ ತೋರಿಸುತ್ತದೆ. ಅಪ್ಪನನ್ನು ಕೂರಿಸಿ ಟೇಪಿನಿಂದ ಅಳೆದೆ: ನೆಲದಿಂದ ಕಣ್ಣಿಗೆ 115 ಸೆಂ.ಮೀ. ಹಲಗೆಯನ್ನು 100ಕ್ಕೆ ಹೊಡೆದೆ. ಲೆಕ್ಕಕ್ಕೆ ಹಿಡಿಯದೆ ಬಂದ ಲಾಭ ಏನೆಂದರೆ, ಏಳು ವರ್ಷದ ಮಗಳು ನಿಂತರೆ ಅವಳ ಕಣ್ಣೂ ಹೆಚ್ಚುಕಡಿಮೆ ಅಲ್ಲಿಗೇ ಬರುತ್ತದೆ. ಮನೆಗೆ ಬರುವ ಗೆಳೆಯರಿಗೆ ಇದು ಅರ್ಧ ಸ್ಟೇಷನ್. ಅಜ್ಜ, ಮೊಮ್ಮಗಳಿಗೆ ಮಾತ್ರ ಪೂರಾ ಕಾಣುತ್ತದೆ. ಅಳ್ನಾವರವನ್ನು ಅವಳು ನೋಡಿರುವುದು ಒಂದೇ ಸಲ, ಅದೂ ರಾತ್ರಿ ರೈಲಿನ ಕಿಟಕಿಯಿಂದ. ಈಗ ಅಲ್ಲಿಂದ ದಾಂಡೇಲಿಗೆ ಹಳಿ ಯಾವ ಕಡೆ ಕವಲೊಡೆಯುತ್ತದೆ ಎಂದು ಅಜ್ಜನ ಬಾಯಿಂದ ಕೇಳಿ ಕಲಿತಿದ್ದಾಳೆ.

ಅಪ್ಪ ನಾಲ್ಕು ದಿನ ಸುಮ್ಮನೆ ನೋಡಿದರು. ಐದನೇ ದಿನ, ನಾನು ಆಫೀಸಿನ ಕಾಲ್‌ನಲ್ಲಿದ್ದಾಗ, ಕರೆದರು.

'ಲೇ ತಮ್ಮಾ, ಆ ಕಡೆ ಸಿಗ್ನಲ್ ಕಂಬ ಡ್ರೈವರ್‌ನ ಬಲಕ್ಕ ನಿಂತೈತಲ್ಲ. ಎಡಕ್ಕಿರಬೇಕು.'

ಹೌದು. ಕನ್ನಡಿ ಎಡದ ಕಂಬವನ್ನು ನಮ್ಮ ಎಡಕ್ಕೇ ತೋರಿಸುತ್ತದೆ. ಆ ಕಡೆಯಿಂದ ಎದುರಾಗಿ ಬರುವ ಡ್ರೈವರ್‌ಗೆ ಅದು ಬಲ. ರೈಲ್ವೆಯಲ್ಲಿ ದುಡಿದವರಿಗಲ್ಲದೆ ಬೇರೆಯವರ ಕಣ್ಣಿಗೆ ಇದು ಬೀಳುವುದಿಲ್ಲ. ಬೆಳಕಿನ ನಿಯಮ ಬದಲಿಸಲಾಗದು, ಮರೆ ಮಾಡಬಹುದು. ಭಾನುವಾರ ಕೂತು ತಂತಿ, ನಾರು ಸೇರಿಸಿ ಒಂದು ಹುಣಸೆಮರ ಮಾಡಿ, ಸಿಗ್ನಲ್ಲಿಗೂ ಕನ್ನಡಿಗೂ ನಡುವೆ ನೆಟ್ಟೆ. ಪ್ರತಿಬಿಂಬದ ಕಂಬ ಅದರ ಹಿಂದೆ ಮರೆಯಾಯಿತು.

ಅಲ್ಲಿ ಮರ ಇರಲಿಲ್ಲ ಎಂಬುದು ಅಪ್ಪನ ಈಗಿನ ತಕರಾರು.