ಪಾಟಲಸ್ಫಟಿಕ: ಅದರ ವರ್ಣಕಾರಣವೂ ಹೆಸರಿನ ವಿಚಾರವೂ

ಕಾವ್ಯಗಳಿಗೆ ಟಿಪ್ಪಣಿ ಬರೆಯುವವರು ರತ್ನಗಳ ಹೆಸರು ಬಂದೆಡೆಯಲ್ಲಿ ಬಣ್ಣವೊಂದನ್ನೇ ನೋಡಿ ಅರ್ಥ ಹೇಳಿದರೆ ಪ್ರಮಾದವುಂಟಾಗುತ್ತದೆ. ಇಂಗ್ಲಿಷಿನಲ್ಲಿ ರೋಸ್ ಕ್ವಾರ್ಟ್ಸ್ ಎನಿಸಿಕೊಂಡ ನಸುಗೆಂಪು ಕಲ್ಲನ್ನು ಪದ್ಮರಾಗವೆಂದು ತಿಳಿಯುವುದು ಇಂಥ ಪ್ರಮಾದ. ಅಮರಕೋಶವು ಪದ್ಮರಾಗಕ್ಕೆ ಶೋಣರತ್ನವೆಂಬ ಪರ್ಯಾಯವನ್ನು ಕೊಡುತ್ತದೆ. ಅದು ನವರತ್ನಗಳಲ್ಲೊಂದಾದ ಮಾಣಿಕ್ಯ, ಕುರುಂದದ ಜಾತಿಯದು. ರೋಸ್ ಕ್ವಾರ್ಟ್ಸ್ ಆದರೋ ನಮ್ಮ ಬೆಣಚುಕಲ್ಲಿನ ಜಾತಿ. ಇದನ್ನು ಪಾಟಲಸ್ಫಟಿಕವೆಂದು ಕರೆಯುವುದು ಯುಕ್ತವೆಂದು ತೋರುತ್ತದೆ.

ಇವೆರಡರ ಭೇದವನ್ನು ಪರೀಕ್ಷೆಯಿಂದ ತಿಳಿಯಬಹುದು. ಮೋಸ್ ಎಂಬ ಜರ್ಮನ್ ವಿದ್ವಾಂಸನ ಕಾಠಿನ್ಯಮಾನದಲ್ಲಿ ಮಾಣಿಕ್ಯವು ೯ನೆಯದು, ಪಾಟಲಸ್ಫಟಿಕವು ೭ನೆಯದು. ಮಾಣಿಕ್ಯವು ನೀರಿಗಿಂತ ಸುಮಾರು ೪ ಪಾಲು ಭಾರವಾದರೆ, ಸಿಲಿಕಾನ್ ಮತ್ತು ಆಮ್ಲಜನಕಗಳ ಸಂಯೋಗವಾದ ಪಾಟಲಸ್ಫಟಿಕವು ೨.೬೫ ಪಾಲು ಮಾತ್ರ ಭಾರವುಳ್ಳದ್ದು.

ಭೂಗರ್ಭದಲ್ಲಿ ಗ್ರಾನೈಟಿನ ಶಿಲಾರಸವು ಆರುತ್ತ ಬಂದಾಗ ಕಟ್ಟಕಡೆಗೆ ಉಳಿಯುವ, ನೀರಿನ ಅಂಶ ಹೆಚ್ಚಾಗಿರುವ ಭಾಗವು ದೊಡ್ಡ ಹರಳುಗಳ ಪೆಗ್ಮಟೈಟ್ ಶಿಲೆಯಾಗುತ್ತದೆ. ಅದರ ನಡುಭಾಗದಲ್ಲಿ ಪಾಟಲಸ್ಫಟಿಕವು ಮುಖಗಳಿಲ್ಲದ ದೊಡ್ಡ ಗಡ್ಡೆಯಾಗಿ ನೆಲೆಗೊಳ್ಳುವುದು. ಮಡಗಾಸ್ಕರ್, ಬ್ರೆಜಿಲ್, ಅಮೆರಿಕದ ದಕ್ಷಿಣ ಡಕೋಟ ಇದಕ್ಕೆ ಹೆಸರಾದ ನೆಲೆಗಳು.

ಇದರ ಬಣ್ಣಕ್ಕೆ ಕಲ್ಲಿನಲ್ಲಿ ಬೆರೆತ ಟೈಟೇನಿಯಮ್ ಅಥವಾ ಮ್ಯಾಂಗನೀಸ್ ಕಾರಣವೆಂದು ಬಹುಕಾಲ ಭಾವಿಸಲಾಗಿತ್ತು. ೨೦೦೧ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬೇರೆ ಕಾರಣವನ್ನು ತೋರಿಸಿತು. ಹೈಡ್ರೋಫ್ಲೂರಿಕ್ ಆಮ್ಲದಲ್ಲಿ ಕಲ್ಲನ್ನು ಕರಗಿಸಲು, ಕರಗದೆ ಉಳಿದ ನವುರಾದ ಎಳೆಗಳೇ ನಸುಗೆಂಪಾಗಿದ್ದವು! ಮಿಲಿಮೀಟರಿನ ಸಾವಿರದೊಂದು ಪಾಲಿಗಿಂತಲೂ ತೆಳುವಾದ ಈ ಎಳೆಗಳು ಡ್ಯುಮಾರ್ಟಿಯರೈಟ್ ಎಂಬ ಖನಿಜಕ್ಕೆ ಸಮೀಪವಾದವು. ಅವುಗಳಲ್ಲಿರುವ ಕಬ್ಬಿಣ ಟೈಟೇನಿಯಮ್‌ಗಳಿಂದ ಬಣ್ಣವುಂಟಾಗುತ್ತದೆ. ಕಲ್ಲು ಮಂಜು ಕವಿದಂತೆ ಕಾಣುವುದಕ್ಕೂ, ಗೋಳವಾಗಿ ಉಜ್ಜಿದಾಗ ಕೆಲವು ಕಲ್ಲುಗಳಲ್ಲಿ ಆರು ಕಿರಣಗಳ ನಕ್ಷತ್ರ ಮೂಡುವುದಕ್ಕೂ ಈ ಎಳೆಗಳೇ ಕಾರಣ.

ವಿರಳವಾಗಿ ದೊರೆಯುವ, ಮುಖಗಳುಳ್ಳ ತಿಳಿಯಾದ ನಸುಗೆಂಪು ಹರಳುಗಳ ವಿಷಯ ಬೇರೆ. ಅಲ್ಲಿ ಎಳೆಗಳಿಲ್ಲ, ಅಲ್ಯುಮಿನಿಯಮ್, ರಂಜಕಗಳ ಅಲ್ಪಾಂಶದ ಮೇಲೆ ನೈಸರ್ಗಿಕ ವಿಕಿರಣವು ವರ್ತಿಸಿ ಬಣ್ಣ ಬಂದಿರುತ್ತದೆ. ಅದು ಬಿಸಿಲಿನಲ್ಲಿ ಮಾಸುವುದರಿಂದ ವಸ್ತುಸಂಗ್ರಹಾಲಯಗಳಲ್ಲಿ ಇವನ್ನು ಬೆಳಕಿನಿಂದ ಕಾಪಾಡಬೇಕಾಗುತ್ತದೆ.

ಗಡ್ಡೆಯ ಕಲ್ಲನ್ನು ಮಣಿ, ಉಂಗುರದ ಗುಮ್ಮಟಾಕಾರದ ಹರಳು, ಕೆತ್ತನೆಯ ಸಣ್ಣ ಪ್ರತಿಮೆಗಳಿಗೆ ಬಳಸುವರು. ಇದನ್ನು ಧರಿಸಿದರೆ ರೋಗಶಮನವಾಗುವುದೆಂಬ ಮಾತಿಗೆ ಆಧಾರವಿಲ್ಲ.

ಹೀಗೆ ಒಂದೇ ನಸುಗೆಂಪು ಬೆಣಚುಕಲ್ಲಿನ ಜಾತಿಯೊಳಗೇ ಎರಡು ಕಾರಣಗಳಿಂದ ಬರುವಾಗ, ಬಣ್ಣದ ಸಾಮ್ಯದಿಂದ ರತ್ನವನ್ನು ನಿರ್ಣಯಿಸುವುದು ಸಲ್ಲದು. ಆದುದರಿಂದ ಪದ್ಮರಾಗವೆಂದಿರುವೆಡೆ ಟಿಪ್ಪಣಿಕಾರರು ಮಾಣಿಕ್ಯವೆಂದೇ ಬರೆದು, ಪಾಟಲಸ್ಫಟಿಕವೆಂಬ ಮಾತನ್ನು ಈ ಕಲ್ಲಿಗೆ ಮಾತ್ರ ಮೀಸಲಿಡುವುದು ಒಳ್ಳೆಯದು.